ಶೆರಿಫ್ ಕಚೇರಿಯಲ್ಲಿ ಪೊಲೀಸ್ ದಾಖಲೆ: ಕೇಳುವ ಮುನ್ನ ನೀವು ಯಾರೆಂದು ಹೇಳಿ

ಕ್ಯುಪರ್ಟಿನೊದಲ್ಲಿ ಮನೆ ಕಳವಾಗಿದೆ, ಇನ್ಶೂರೆನ್ಸ್‌ನವರು ಪೊಲೀಸ್ ರಿಪೋರ್ಟ್ ಕೇಳುತ್ತಿದ್ದಾರೆ, ಎಲ್ಲಿ ಕೇಳಬೇಕು? ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಮಾಡುವ ನನಗೆ ಕನ್ನಡದವರಿಂದ ಪದೇ ಪದೇ ಬರುವ ಪ್ರಶ್ನೆ ಇದು. ನನ್ನ ಹತ್ತಿರ ಬರುವ ಹೊತ್ತಿಗೆ ಅನೇಕರು ಅಂತರ್ಜಾಲದಲ್ಲಿ ಸಿಕ್ಕ ಮಾದರಿ ಪತ್ರಕ್ಕೆ ಹೆಸರು ತುಂಬಿ ಕಳಿಸಿ ಆಗಿರುತ್ತದೆ. ‘ಇದು ತನಿಖಾ ದಾಖಲೆ, ಕೊಡಲು ಬರುವುದಿಲ್ಲ’ ಎಂಬ ಎರಡು ಸಾಲಿನ ಉತ್ತರವೂ ಬಂದಿರುತ್ತದೆ. ಅಲ್ಲಿಗೆ ಅವರು ಕೈಚೆಲ್ಲುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ದಾಖಲೆ ಪಡೆಯುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟಿರುತ್ತದೆ. ಅವರು ಕೇಳಿದ್ದು ಮಾತ್ರ ದಾರಿಹೋಕರಂತೆ.

ಮೊದಲು ದಾಖಲೆ ಯಾರ ಕೈಯಲ್ಲಿದೆ ಎಂದು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಜಿಲ್ಲೆಗಳಂಥ 58 ಕೌಂಟಿಗಳಿವೆ, ಶೆರಿಫ್ ಎಂದರೆ ಕೌಂಟಿಯ ಪೊಲೀಸ್ ಕೆಲಸಕ್ಕೆ ಜನ ಆರಿಸಿದ ಮುಖ್ಯ ಅಧಿಕಾರಿ. ಸ್ಯಾನ್ ಹೋಸೆಗೆ ತನ್ನದೇ ಪೊಲೀಸ್ ಇಲಾಖೆ ಇದೆ. ಸನ್ನಿವೇಲ್‌ನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಸೇರಿದ ಒಂದೇ ಇಲಾಖೆ. ಆದರೆ ಕ್ಯುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ನಗರಗಳು ಸ್ವಂತ ಪೊಲೀಸ್ ಇಟ್ಟುಕೊಂಡಿಲ್ಲ. ಸ್ಯಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಜೊತೆ ಒಪ್ಪಂದ ಮಾಡಿಕೊಂಡಿವೆ. ಡಬ್ಲಿನ್‌ನಲ್ಲಿ ಕಾರಿನ ಮೇಲೆ ಡಬ್ಲಿನ್ ಪೊಲೀಸ್ ಎಂದೇ ಬರೆದಿದ್ದರೂ ಒಳಗೆ ಕೂತವರು ಅಲಮೇಡ ಕೌಂಟಿ ಶೆರಿಫ್‌ನ ಡೆಪ್ಯುಟಿಗಳು, ಅಂದರೆ ಅವರ ಕೈಕೆಳಗಿನ ಪೊಲೀಸರು. ನಗರಗಳ ಗಡಿಯಾಚೆಯ ಕೌಂಟಿ ಪ್ರದೇಶವೂ ಶೆರಿಫ್‌ನದ್ದೇ, ಆದರೆ ಅಲ್ಲಿ ರಸ್ತೆ ಅಪಘಾತವಾದರೆ ವರದಿ ಬರೆಯುವುದು ಸಾಮಾನ್ಯವಾಗಿ ಹೈವೇ ಪೆಟ್ರೋಲ್, ಅಂದರೆ ರಾಜ್ಯದ ಹೆದ್ದಾರಿ ಪೊಲೀಸರು. ಅವರ ಅರ್ಜಿ ಬೇರೆ, ಕಚೇರಿ ಬೇರೆ. ಇನ್ನೊಂದು ವಿಷಯ: ಕೌಂಟಿ ಜೈಲು ನಡೆಸುವುದು ಸಾಮಾನ್ಯವಾಗಿ ಶೆರಿಫ್. ಹಾಗಾಗಿ ಬಂಧಿಸಿದ್ದು ಸ್ಯಾನ್ ಹೋಸೆ ಪೊಲೀಸರೇ ಆದರೂ ಜೈಲಿಗೆ ಸೇರಿಸಿಕೊಂಡ ದಾಖಲೆ, ಬಿಡುಗಡೆಯ ದಿನಾಂಕ ಶೆರಿಫ್ ಬಳಿ ಇರುತ್ತವೆ.

ಕಚೇರಿ ಗೊತ್ತಾಯಿತು ಅನ್ನಿ. ಈಗ ಮುಖ್ಯ ಮಾತು. ಪೊಲೀಸ್ ದಾಖಲೆ ಕೇಳಲು ಎರಡು ಬೇರೆ ಬೇರೆ ಹಕ್ಕುಗಳಿವೆ. ಒಂದು ಸಾರ್ವಜನಿಕರದ್ದು, 1968ರ ಕ್ಯಾಲಿಫೋರ್ನಿಯಾ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಕೊಟ್ಟದ್ದು. ಯಾರು ಬೇಕಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ, ಅಮೆರಿಕದ ಪೌರರಾಗಿರಬೇಕೆಂದೂ ಇಲ್ಲ. ಆದರೆ ತನಿಖೆಯ ಕಡತಕ್ಕೆ ಇದರಲ್ಲಿ ದೊಡ್ಡ ವಿನಾಯಿತಿ ಇದೆ. ತನಿಖೆ ಮುಗಿದ ಮೇಲೂ ಆ ವಿನಾಯಿತಿ ಮುಗಿಯುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1993ರಲ್ಲಿ ವಿಲಿಯಮ್ಸ್ ಪ್ರಕರಣದಲ್ಲಿ ಹೇಳಿದೆ. ‘ಕೇಸ್ ಮುಚ್ಚಿ ಎರಡು ವರ್ಷವಾಯಿತಲ್ಲ, ಈಗಲಾದರೂ ಕೊಡಿ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು, ಘಟನೆಯಲ್ಲಿ ನೊಂದವರ ಹಕ್ಕು. ಕಳವು, ದರೋಡೆ, ಬೆಂಕಿ ಹಚ್ಚಿದ್ದು, ವಾಹನ ಕದ್ದದ್ದು, ಆಸ್ತಿ ಹಾಳುಮಾಡಿದ್ದು ಇಂಥವುಗಳಲ್ಲಿ ನಷ್ಟಕ್ಕೊಳಗಾದವರಿಗೆ, ಅವರು ಒಪ್ಪಿಗೆ ಕೊಟ್ಟ ಪ್ರತಿನಿಧಿಗೆ, ಅವರ ಇನ್ಶೂರೆನ್ಸ್ ಕಂಪನಿಗೆ ಶೆರಿಫ್ ಕೆಲವನ್ನು ಕೊಡಲೇಬೇಕು: ಸಂಬಂಧಪಟ್ಟವರ ಮತ್ತು ಸಾಕ್ಷಿಗಳ ಹೆಸರು ವಿಳಾಸ, ಸೊತ್ತಿನ ವಿವರ, ನಕ್ಷೆಗಳು, ಹೇಳಿಕೆಗಳು. ಸಾಕ್ಷಿಯ ಜೀವಕ್ಕೆ ಅಪಾಯವಿದ್ದರೆ ಅಥವಾ ತನಿಖೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ತಡೆಹಿಡಿಯಬಹುದು. ಇದು ಗವರ್ನ್‌ಮೆಂಟ್ ಕೋಡ್‌ನ 7923.605ನೇ ಸೆಕ್ಷನ್. 2023ರ ಜನವರಿಯಿಂದ, ಇದೂ ಸೇರಿದಂತೆ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್‌ನ ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ, ಅಂತರ್ಜಾಲದ ಮಾದರಿಗಳಲ್ಲಿ ಹಳೆಯ 6254 ಇನ್ನೂ ಉಳಿದುಕೊಂಡಿದೆ. ಕೆಲವರಂತೂ 1966ರ ಫೆಡರಲ್ ಮಾಹಿತಿ ಕಾಯ್ದೆಯನ್ನು ಉಲ್ಲೇಖಿಸಿ ಕಳಿಸುತ್ತಾರೆ. ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ, ಶೆರಿಫ್‌ಗೆ ತಾಗುವುದಿಲ್ಲ.

ನಮ್ಮವರ ಮನೆಗಳಲ್ಲಿ ಚಿನ್ನ ಇರುತ್ತದೆಂದು ಕಳ್ಳರಿಗೂ ಗೊತ್ತು, ಆದ್ದರಿಂದ ಕಳವಿನ ವರದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡೆಪ್ಯುಟಿ ಬಂದ ರಾತ್ರಿ ಮನೆಯವರು ಗಾಬರಿಯಲ್ಲಿರುತ್ತಾರೆ, ನೆನಪಿಗೆ ಬಂದಷ್ಟು ಹೇಳಿರುತ್ತಾರೆ. ವರದಿಯ ಸೊತ್ತಿನ ಪುಟದಲ್ಲಿ ‘ಚಿನ್ನದ ನೆಕ್ಲೇಸ್, 3’ ಎಂದಷ್ಟೇ ಬಂದಿರುತ್ತದೆ. ಅದು ಕಾಸಿನ ಸರವೋ, ಅವಲಕ್ಕಿ ಸರವೋ, ಎಷ್ಟು ಗ್ರಾಂ, ಯಾರ ಮದುವೆಯದು, ಏನೂ ಇಲ್ಲ. ವಾರದ ಮೇಲೆ ಮಗಳ ಗೆಜ್ಜೆ, ಅಜ್ಜಿಯ ಡಾಬು ನೆನಪಾಗುತ್ತವೆ. ಆಗ ಸುಮ್ಮನಿರಬೇಡಿ. ಅದೇ ಕೇಸ್ ನಂಬರ್ ಹೇಳಿ ಪೂರಕ ವರದಿ ಸೇರಿಸಲು ಕೇಳಿ. ತೂಕ, ಅಂಗಡಿಯ ಬಿಲ್ಲು, ಆಭರಣ ತೊಟ್ಟ ಮದುವೆಯ ಫೋಟೊ ಜೊತೆಗೆ ಕೊಡಿ. ಇನ್ಶೂರೆನ್ಸ್‌ನವರು ನೋಡುವುದು ವರದಿಯಲ್ಲಿ ಏನಿದೆ ಎಂದು. ಪ್ರತಿ ಕೇಳುವಾಗ ಮೂಲ ವರದಿಯೊಂದನ್ನೇ ಅಲ್ಲ, ‘ಎಲ್ಲ ಪೂರಕ ವರದಿಗಳ ಸಮೇತ’ ಎಂದು ಬರೆಯಿರಿ.

ಮನೆಯೊಳಗಿನ ದೌರ್ಜನ್ಯದ ವಿಷಯಕ್ಕೆ ಬಂದರೆ ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಗಟ್ಟಿ. ಫ್ಯಾಮಿಲಿ ಕೋಡ್ 6228ರ ಪ್ರಕಾರ ನೊಂದವರು ಕೇಳಿದ 48 ಗಂಟೆಯೊಳಗೆ ವರದಿಯ ಮೊದಲ ಪುಟ, 5 ಕೆಲಸದ ದಿನಗಳೊಳಗೆ ಪೂರ್ತಿ ವರದಿ ಕೊಡಬೇಕು. ಸಕಾರಣವಿದ್ದರೆ ಮಾತ್ರ ತುಸು ಹೆಚ್ಚು ಸಮಯ. ದುಡ್ಡು ತೆಗೆದುಕೊಳ್ಳುವಂತಿಲ್ಲ. ಗಂಡನ ಎಚ್-1ಬಿ ಉದ್ಯೋಗ ವೀಸಾದ ನೆರಳಲ್ಲಿ ಎಚ್-4 ಅವಲಂಬಿತ ವೀಸಾದ ಮೇಲೆ ಬಂದ ಹೆಣ್ಣುಮಕ್ಕಳು ಈ ಕಾಗದ ಕೇಳಲೇ ಹೆದರುತ್ತಾರೆ. ಕೇಳಿದರೆ ವೀಸಾಕ್ಕೆ ತೊಂದರೆ, ಗಂಡನ ಮನೆಯವರಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆ. ಈ ಅರ್ಜಿಯಲ್ಲಿ ವೀಸಾ ಸ್ಥಿತಿಯ ಮಾತೇ ಬರುವುದಿಲ್ಲ ಅಮ್ಮ, ನಿಮ್ಮ ಗುರುತಿನ ಚೀಟಿಯಷ್ಟೇ ಸಾಕು. ನೀವೇ ಹೋಗಲಾಗದಿದ್ದರೆ ನೀವು ಲಿಖಿತವಾಗಿ ಒಪ್ಪಿದ ಪ್ರತಿನಿಧಿ ಕೇಳಬಹುದು. ಕೋರ್ಟಿನಲ್ಲಿ ರಕ್ಷಣಾ ಆದೇಶ ಕೋರುವಾಗ ಈ ವರದಿ ಕೈಯಲ್ಲಿದ್ದರೆ ಬಹಳ ಬಲ. ಅಂಚೆಯಲ್ಲಿ ಮನೆಗೆ ಬರುವುದು ಅಪಾಯವೆನಿಸಿದರೆ ಕೌಂಟರಿನಲ್ಲೇ ಪಡೆಯುವುದಾಗಿ ಹೇಳಿ.

ಪತ್ರ ಬರೆಯುವುದು ಕಷ್ಟವಲ್ಲ. ಹೆಚ್ಚಿನ ಶೆರಿಫ್ ಕಚೇರಿಗಳ ರೆಕಾರ್ಡ್ಸ್ ವಿಭಾಗಕ್ಕೆ ಆನ್‌ಲೈನ್ ಅರ್ಜಿ ಇದೆ, ಇಲ್ಲದಿದ್ದರೆ ಸಾದಾ ಪತ್ರವೂ ನಡೆಯುತ್ತದೆ. ಡೆಪ್ಯುಟಿ ಕೊಟ್ಟ ಚೀಟಿಯ ಮೇಲಿನ ಕೇಸ್ ನಂಬರ್, ಅದಿಲ್ಲದಿದ್ದರೆ ದಿನಾಂಕ, ಅಂದಾಜು ಸಮಯ, ವಿಳಾಸ. ಆಮೇಲೆ ಒಂದು ವಾಕ್ಯ: ‘ಈ ಘಟನೆಯಲ್ಲಿ ನಷ್ಟವಾದದ್ದು ನನಗೆ, 7923.605ರ ಅಡಿ ನನ್ನ ಹಕ್ಕಿನಂತೆ ಕೇಳುತ್ತಿದ್ದೇನೆ.’ ಅನೇಕ ಪತ್ರಗಳಲ್ಲಿ ಇಲ್ಲದಿರುವುದು ಈ ಒಂದು ವಾಕ್ಯವೇ. ಆಮೇಲೆ ಏನು ಬೇಕೆಂದು ಬಿಡಿಸಿ ಹೇಳಿ. ‘ನನ್ನ ಕೇಸಿನ ಎಲ್ಲ ದಾಖಲೆ’ ಅನ್ನಬೇಡಿ. ವರದಿ, ಪೂರಕ ವರದಿಗಳು, ಫೋಟೊಗಳು, 911ಕ್ಕೆ ಮಾಡಿದ ತುರ್ತು ಕರೆಯ ಧ್ವನಿಮುದ್ರಣ, ಕರೆ ಬಂದದ್ದರಿಂದ ಡೆಪ್ಯುಟಿ ಹೊರಟದ್ದರವರೆಗಿನ ಕಂಟ್ರೋಲ್ ರೂಮ್ ಲಾಗ್, ಡೆಪ್ಯುಟಿಯ ಮೈಮೇಲಿನ ಬಾಡಿ ಕ್ಯಾಮೆರಾ ವಿಡಿಯೊ ಎಂದು ಒಂದೊಂದನ್ನೂ ಹೆಸರಿಸಿ. ಕೇಳಿದ್ದೆಲ್ಲ ಸಿಕ್ಕೀತೆಂದಲ್ಲ. ಹೆಸರಿಸದೇ ಇದ್ದದ್ದನ್ನು ಅವರು ಹುಡುಕಲಾರರು.

ಧ್ವನಿಮುದ್ರಣದ ವಿಷಯದಲ್ಲಿ ತಡ ಮಾಡಲೇಬೇಡಿ. ದೂರವಾಣಿ ಮತ್ತು ರೇಡಿಯೊ ಧ್ವನಿಮುದ್ರಣವನ್ನು 100 ದಿನಗಳ ನಂತರ ಅಳಿಸಲು ಕಾನೂನು ಕೌಂಟಿಗಳಿಗೆ ಅವಕಾಶ ಕೊಡುತ್ತದೆ. ಸಾಕ್ಷ್ಯವಲ್ಲದ ಬಾಡಿ ಕ್ಯಾಮೆರಾ ವಿಡಿಯೊಗೆ ರಾಜ್ಯದ ಮಾರ್ಗಸೂಚಿ ಹೇಳುವ ಕನಿಷ್ಠ ಅವಧಿ 60 ದಿನ. ಊರಿಗೆ ಹೋಗಿ ಬಂದು ಕೇಳಿದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಅವು ಇರದೇ ಹೋಗಬಹುದು. ಅರ್ಜಿಯ ಜೊತೆಗೇ ‘ಇವನ್ನು ಅಳಿಸದೆ ಕಾಪಾಡಿ’ ಎಂದು ಪ್ರತ್ಯೇಕ ಸಾಲು ಸೇರಿಸಿ.

ಪಬ್ಲಿಕ್ ರೆಕಾರ್ಡ್ಸ್ ಆಕ್ಟ್‌ನ ಅರ್ಜಿಗೆ 10 ದಿನಗಳಲ್ಲಿ ಉತ್ತರ ಬರಬೇಕು, ವಿಶೇಷ ಕಾರಣವಿದ್ದರೆ ಇನ್ನೂ 14 ದಿನ. ಆ 10 ದಿನ ಕೊಡುತ್ತೇವೆಯೋ ಇಲ್ಲವೋ ಎಂದು ಹೇಳುವುದಕ್ಕೆ, ದಾಖಲೆ ಕೈಗೆ ಬರುವುದಕ್ಕಲ್ಲ. ಶುಲ್ಕ ನಕಲು ಮಾಡುವ ನೇರ ವೆಚ್ಚವಷ್ಟೇ, ಹುಡುಕಿದ್ದಕ್ಕೆ ದುಡ್ಡಿಲ್ಲ. ಬಾಡಿ ಕ್ಯಾಮೆರಾ ವಿಡಿಯೊದಲ್ಲಿ ಗುಪ್ತ ಭಾಗಗಳನ್ನು ಮರೆಮಾಡಲು ತಗುಲಿದ ಸಮಯಕ್ಕೆಂದು ಹೇವರ್ಡ್ ನಗರ 3,000 ಡಾಲರಿಗೂ ಹೆಚ್ಚು ವಸೂಲಿ ಮಾಡಿತ್ತು. ಅದು ಸಲ್ಲದು ಎಂದು 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದೊಡ್ಡ ಬಿಲ್ಲು ಕಂಡು ಹಿಂಜರಿಯುವವರು ಈ ತೀರ್ಪನ್ನು ತಿಳಿದಿರಬೇಕು.

ಇಲ್ಲ ಎಂದರೆ? ಲಿಖಿತ ಅರ್ಜಿಗೆ ನಿರಾಕರಣೆಯೂ ಲಿಖಿತವಾಗಿರಬೇಕು, ನಿರ್ಧರಿಸಿದವರ ಹೆಸರು ಹುದ್ದೆ ಸಮೇತ. ಅದನ್ನು ಕೇಳಿ ಪಡೆಯಿರಿ. ಮಾಹಿತಿ ಹಕ್ಕು ಕಾಯ್ದೆಗೆ ಒಗ್ಗಿದ ನಮ್ಮವರು ಮೊದಲ ಮೇಲ್ಮನವಿ ಎಲ್ಲಿ, ಮಾಹಿತಿ ಆಯೋಗ ಎಲ್ಲಿ ಎಂದು ಹುಡುಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ಮೆಟ್ಟಿಲುಗಳಿಲ್ಲ, ನೇರ ಸುಪೀರಿಯರ್ ಕೋರ್ಟ್, ಅಂದರೆ ಕೌಂಟಿಯ ವಿಚಾರಣಾ ನ್ಯಾಯಾಲಯ. ಗೆದ್ದರೆ ನಿಮ್ಮ ವಕೀಲರ ಶುಲ್ಕವನ್ನು ಆ ಕಚೇರಿಯೇ ಕೊಡಬೇಕು. ಅಲ್ಲಿಗೆ ಹೋಗುವ ಮುನ್ನ ಸೆಕ್ಷನ್ ನಂಬರ್ ಹಾಕಿ ಇನ್ನೊಂದು ಪತ್ರ ಬರೆಯಿರಿ, ಎಷ್ಟೋ ಸಲ ಅದರಲ್ಲೇ ಕೆಲಸ ಮುಗಿಯುತ್ತದೆ.

ನಿಮ್ಮನ್ನೇ ಬಂಧಿಸಿದ್ದ ದಾಖಲೆ ಬೇಕಾದರೆ ಲೆಕ್ಕ ಬೇರೆ. ಪೌರತ್ವದ ಎನ್-400 ಅರ್ಜಿ ಹಳೆಯ ಬಂಧನಗಳನ್ನೂ ಕೇಳುತ್ತದೆ, ಕೇಸು ಬಿದ್ದುಹೋಗಿದ್ದರೂ. ಆರೋಪವನ್ನೇ ಹೊರಿಸದೆ ಬಿಟ್ಟಿದ್ದರೆ ಬಂಧಿಸಿದ ಇಲಾಖೆಯಿಂದಲೋ ಕೋರ್ಟಿನಿಂದಲೋ ಅದನ್ನು ದೃಢೀಕರಿಸುವ ಅಧಿಕೃತ ಪತ್ರ ತನ್ನಿ. ಆರೋಪ ಹೊರಿಸಿದ್ದರೆ ಏನಾಯಿತೆಂಬ ಪ್ರಮಾಣಿತ ಪ್ರತಿ ಸಿಗುವುದು ಸುಪೀರಿಯರ್ ಕೋರ್ಟಿನ ಕ್ಲರ್ಕ್ ಬಳಿ, ಶೆರಿಫ್ ಬಳಿಯಲ್ಲ. ಬಂಧನದ ದಾಖಲೆಯನ್ನು ಕೋರ್ಟಿನ ಮೂಲಕ ಸೀಲ್ ಮಾಡಿಸಲು, ಅಂದರೆ ಸಾರ್ವಜನಿಕರಿಗೆ ಸಿಗದಂತೆ ಮುಚ್ಚಿಸಲು, ಹೊರಟವರು ಅದಕ್ಕೆ ಮುಂಚೆಯೇ ಪ್ರಮಾಣಿತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಸೀಲ್ ಆದ ಮೇಲೆ ಅವನ್ನು ಹೊರಗೆ ತರಿಸುವುದು ಸುಲಭವಲ್ಲ, ಇಮಿಗ್ರೇಷನ್‌ನವರು ಮಾತ್ರ ಆಗಲೂ ಕೇಳುತ್ತಾರೆ. ಎಫ್‌ಬಿಐ ತನ್ನಲ್ಲಿರುವ ನಿಮ್ಮ ದಾಖಲೆಯನ್ನು 18 ಡಾಲರಿಗೆ ಕೊಡುತ್ತದೆ. ಅದರಲ್ಲಿ ಏನಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಮಕ್ಕಳನ್ನು ಇಲ್ಲಿ ಕಳೆದುಕೊಂಡು ಮೈಸೂರಿನಲ್ಲೋ ದಾವಣಗೆರೆಯಲ್ಲೋ ಕುಳಿತು ಕಾಗದಕ್ಕಾಗಿ ಕಾಯುವ ತಂದೆತಾಯಿಗಳಿಗೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಶೆರಿಫ್ ಅವರೇ ಕರೋನರ್, ಅಂದರೆ ಅನುಮಾನಾಸ್ಪದ ಅಥವಾ ಅಸಹಜ ಸಾವಿನ ವಿಚಾರಣೆ ನಡೆಸುವವರೂ ಅವರೇ. ಅಲಮೇಡದಲ್ಲಿ ಹಾಗಿದೆ, ಸ್ಯಾಂಟಾ ಕ್ಲಾರಾದಲ್ಲಿ ಅದು ಪ್ರತ್ಯೇಕ ಕಚೇರಿ. ನೀವು ಭಾರತದಿಂದಲೇ ಬರೆದು ಕೇಳಬಹುದು. ಇದು ಎಲ್ಲ ರಾಜ್ಯಗಳ ಮಾತಲ್ಲ: ವರ್ಜೀನಿಯಾದ ಕಾಯ್ದೆ ಆ ರಾಜ್ಯದವರಿಗಷ್ಟೇ ಹಕ್ಕು ಕೊಡುತ್ತದೆ, 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಂಥ ಕಡೆ ಅಲ್ಲೇ ನೆಲೆಸಿದ ಒಬ್ಬರಿಂದ ಅರ್ಜಿ ಹಾಕಿಸಿ. ಪತ್ರದಲ್ಲಿ ಮೃತರ ಪೂರ್ಣ ಹೆಸರು, ಜನ್ಮದಿನಾಂಕ, ನಿಮ್ಮ ಸಂಬಂಧ, ಅದಕ್ಕೆ ದಾಖಲೆಯಾಗಿ ಪಾಸ್‌ಪೋರ್ಟಿನ ಪ್ರತಿ ಇರಲಿ. ಭಾರತದಲ್ಲಿ ಬಳಸುವ ಮರಣ ಪ್ರಮಾಣಪತ್ರಕ್ಕೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣ, ಮಾಡಿಸಿ. ಶವಪರೀಕ್ಷೆಯ ವರದಿಗೆ ತಿಂಗಳುಗಳೇ ಹಿಡಿಯಬಹುದು, ರಕ್ತದ ಪರೀಕ್ಷೆಗಳು ಮುಗಿಯಬೇಕಲ್ಲ. ಅಲ್ಲಿಯವರೆಗೆ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣದ ಜಾಗದಲ್ಲಿ ‘ಪೆಂಡಿಂಗ್’ ಎಂದಿರುತ್ತದೆ. ಕಾರಣ ನಿಶ್ಚಯವಾದ ಮೇಲೆ ಅದನ್ನು ತಿದ್ದುತ್ತಾರೆ, ಆದರೆ ತಿದ್ದಿದ ಪ್ರತಿ ತಾನಾಗಿ ಮನೆಗೆ ಬರುವುದಿಲ್ಲ. ಅದಕ್ಕೆ ಮತ್ತೆ ಅರ್ಜಿ ಹಾಕಿ ತರಿಸಿಕೊಳ್ಳಬೇಕು.