ಇಂಪ್ಲಿಮೆಂಟ್, ಎನ್‌ಫೋರ್ಸ್, ಎಕ್ಸಿಕ್ಯೂಟ್: ಯಾವುದು ಎಲ್ಲಿಗೆ?

ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವಾಗ ನಮಗೆ ತೊಡಕಾಗುವುದು ನಮ್ಮದೇ 'ಜಾರಿ'. ಯೋಜನೆ ಜಾರಿ, ಕಾನೂನು ಜಾರಿ, ನೋಟಿಸ್ ಜಾರಿ ಎಂದು ಎಲ್ಲಕ್ಕೂ ಒಂದೇ ಪದ ಸಾಕು, ಅಲ್ವಾ? ಇಂಗ್ಲಿಷ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪದ ಬೇಕು. ಹಾಗಾಗಿ ಕ್ರಿಯಾಪದ ಆರಿಸುವ ಮೊದಲು ಜಾರಿಯಾಗುತ್ತಿರುವುದು ಏನು ಅಂತ ನೋಡಿ.

ಪಾಲಿಸಿ, ಸ್ಕೀಮ್, ಸಮಿತಿಯ ಶಿಫಾರಸು ಆದರೆ ಇಂಪ್ಲಿಮೆಂಟ್. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಮೊದಲು 200 ಜಿಲ್ಲೆಗಳಲ್ಲಿ ಶುರುವಾಯಿತು. ಅದನ್ನು 'ದ ಸ್ಕೀಮ್ ವಾಸ್ ಫಸ್ಟ್ ಇಂಪ್ಲಿಮೆಂಟೆಡ್ ಇನ್ 200 ಡಿಸ್ಟ್ರಿಕ್ಟ್ಸ್' ಎಂದು ಬರೆಯಬಹುದು. 'ಇಂಪ್ಲಿಮೆಂಟ್ ದ ಪ್ಲಾನ್' ಅಂದರೆ ಸಾಕು, ನಡುವೆ 'ಆನ್', 'ಟು' ಯಾವುದೂ ಬೇಡ.

ಎನ್‌ಫೋರ್ಸ್‌ನಲ್ಲಿ ಒತ್ತಾಯ ಇದೆ. ಪಾಲಿಸದಿದ್ದರೆ ದಂಡ ಬೀಳುತ್ತದೆ. ಪೊಲೀಸರು ಹೆಲ್ಮೆಟ್ ನಿಯಮವನ್ನು ಎನ್‌ಫೋರ್ಸ್ ಮಾಡುತ್ತಾರೆ. ಜಾರಿ ನಿರ್ದೇಶನಾಲಯದ ಇಂಗ್ಲಿಷ್ ಹೆಸರಿನಲ್ಲಿ ಎನ್‌ಫೋರ್ಸ್‌ಮೆಂಟ್ ಇರುವುದೂ ಇದಕ್ಕೇ. ಸ್ಕಾಲರ್‌ಶಿಪ್ ಯೋಜನೆಯನ್ನು ಎನ್‌ಫೋರ್ಸ್ ಮಾಡಿದರು ಅಂತ ಬರೆದರೆ ಮಕ್ಕಳಿಗೆ ಬಲವಂತವಾಗಿ ಹಣ ಕೊಟ್ಟಂತಾಗುತ್ತದೆ! ನೋಟಿಸ್‌ಗೆ ಇವೆರಡೂ ಹೊಂದುವುದಿಲ್ಲ. ಅದನ್ನು ಇಶ್ಯೂ ಮಾಡುತ್ತಾರೆ, ಆಮೇಲೆ ಕೈಗೆ ತಲುಪಿಸುವುದು ಸರ್ವ್.

ಕಾನೂನು ತಾನೇ ಚಾಲ್ತಿಗೆ ಬರುವುದಕ್ಕೆ 'ಕಮ್ ಇಂಟು ಫೋರ್ಸ್'. ಇದು ಜಾಸ್ತಿ ಅಭ್ಯಾಸ ಮಾಡಬೇಕಾದ ಜಾಗ. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು: ಅದು 'ಅಡಾಪ್ಟೆಡ್'. ಜಾರಿಗೆ ಬಂದದ್ದು 1950ರ ಜನವರಿ 26ರಂದು: 'ಕೇಮ್ ಇಂಟು ಫೋರ್ಸ್'. (ಪೌರತ್ವದಂಥ ಕೆಲವು ವಿಧಿಗಳು ಮಾತ್ರ ಅಂಗೀಕಾರದ ದಿನವೇ ಜಾರಿಯಾಗಿದ್ದವು.) ಇಂದಿಗೂ ಜಾರಿಯಲ್ಲಿದೆ ಅನ್ನಲು 'ಹ್ಯಾಸ್ ಬೀನ್ ಇನ್ ಫೋರ್ಸ್ ಸಿನ್ಸ್ 1950'. ಬರುವಾಗ 'ಇಂಟು', ಇರುವಾಗ 'ಇನ್'. ಇಲ್ಲಿ 'ವಾಸ್ ಕೇಮ್' ಅಂತ ಬರೆಯಬೇಡಿ. ಸರ್ಕಾರ ಜಾರಿಗೆ ತಂದಿತು ಎಂದು ಹೇಳಬೇಕಾದರೆ 'ಬ್ರಾಟ್ ಇಂಟು ಫೋರ್ಸ್'.

ಎಕ್ಸಿಕ್ಯೂಟ್ ಬಳಸುವಾಗ ಹುಷಾರು. ಪ್ಲಾನ್, ಆರ್ಡರ್, ಪ್ರಾಜೆಕ್ಟ್ ಜೊತೆ ಅದು ಚೆನ್ನಾಗಿ ಹೊಂದುತ್ತದೆ. ಕ್ರಯಪತ್ರಕ್ಕೆ ಸಹಿ ಹಾಕಿ ಪಕ್ಕಾ ಮಾಡುವುದೂ ಎಕ್ಸಿಕ್ಯೂಟ್. ಆದರೆ ಅದರ ಮುಂದೆ ಮನುಷ್ಯನ ಹೆಸರು ಬಂದರೆ ಮರಣದಂಡನೆ ಅಂತಲೇ ಅರ್ಥ.

ಸರ್ವೆ, ತಪಾಸಣೆ, ರಿಪೇರಿಗೆ ಸರಳವಾದ 'ಕ್ಯಾರಿ ಔಟ್' ಸಾಕು. 'ರೋಲ್ ಔಟ್' ಸುದ್ದಿಯ ಭಾಷೆ. ಜಿಎಸ್‌ಟಿ 2017ರ ಜುಲೈ 1ರಂದು 'ರೋಲ್ಡ್ ಔಟ್' ಆಯಿತು ಎಂದು ಪತ್ರಿಕೆ ಬರೆಯಬಹುದು, ಆದರೆ ಅಧಿಕೃತ ಪತ್ರದಲ್ಲಿ ನಾನು 'ಇಂಪ್ಲಿಮೆಂಟೆಡ್' ಅನ್ನೇ ಆರಿಸುತ್ತೇನೆ.