ಖಾಲಿ ಕೈಲಿ ಬಂದ ದಿನಾನೂ ಬರೆದಿಡಿ: ಗಾಳ ಹಾಕೋರು ಮತ್ತು ಮೀನಿನ ಕಾನೂನು

ಹೋದ ತಿಂಗಳು ಒಬ್ಬರು ಫೋನ್ ಮಾಡಿದ್ರು. ಬೆಂಗಳೂರಲ್ಲಿ ಕೆಲಸ, ವೀಕೆಂಡ್ ಬಂತು ಅಂದ್ರೆ ರಾಡು ರೀಲು ಕಾರಿಗೆ ತುಂಬ್ಕೊಂಡು ನೀರು ಹುಡುಕಿ ಹೋಗೋ ಆಸಾಮಿ. "ಸರ್, ನಾವು ಮೀನು ಹಿಡಿದು ವಾಪಸ್ ಬಿಡ್ತೀವಿ, ಒಂದನ್ನೂ ಮನೆಗೆ ತರಲ್ಲ, ಆದ್ರೂ ರೂಲ್ಸ್ ಮಾಡೋವಾಗ ನಮ್ಮನ್ನ ಒಂದು ಮಾತೂ ಕೇಳಲ್ಲ, ಇದ್ಯಾವ ನ್ಯಾಯ ಹೇಳಿ" ಅಂತ ಅರ್ಧ ಗಂಟೆ ಬೇಜಾರು ತೋಡ್ಕೊಂಡ್ರು.

ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲಿ ಓದಿ, ಆಮೇಲೆ ಹೊಳೆ ಮೀನು ಎಣಿಸೋದನ್ನೇ ಕಸುಬು ಮಾಡ್ಕೊಂಡವನು, ಹಾಗಾಗಿ ಈ ದೂರು ನನಗೆ ಹೊಸದೇನಲ್ಲ. ಅವರನ್ನ ಕೇಳಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಕೊಡೋ ಕಾರಣಗಳು ಇದಾವಲ್ಲ, ನಾವು ಬಿಡ್ತೀವಿ, ನಮಗೆ ಹೊಳೆ ಅಂದ್ರೆ ಪ್ರಾಣ, ನಾವು ಲೈಸೆನ್ಸ್ ಫೀಸ್ ಕಟ್ತಿದ್ವಿ, ಇದ್ಯಾವುದೂ ಫೈಲ್ ಹಿಡ್ಕೊಂಡು ಕೂತಿರೋರ ಮುಂದೆ ನಿಲ್ಲಲ್ಲ. ಹೊಳೆ ಅಂದ್ರೆ ಪ್ರಾಣ ಅನ್ನೋರು ಊರಿಗೆ ನೂರು ಜನ ಸಿಗ್ತಾರೆ. ಗಾಳದೋರ ಹತ್ರ ಮಿಕ್ಕೋರ ಹತ್ರ ಇಲ್ಲದ ಒಂದು ಆಸ್ತಿ ಇದೆ, ಅದು ಲೆಕ್ಕದ ಪುಸ್ತಕ, ಮತ್ತೆ ಅದು ಎಷ್ಟು ಬೆಲೆಬಾಳುತ್ತೆ ಎಷ್ಟು ಕುತ್ತಿಗೆಗೆ ಬರುತ್ತೆ ಅಂತ ಗೊತ್ತಾಗ್ಬೇಕಂದ್ರೆ ಗಾಲಿಬೋರೆ ಕಥೆ ಹೇಳ್ಬೇಕು.

ಕನಕಪುರದಿಂದ ಸಂಗಮದ ಕಡೆ ಹೋದ್ರೆ ಕಾವೇರಿ ದಡದಲ್ಲಿ ಗಾಲಿಬೋರೆ ಸಿಗುತ್ತೆ. ಅದು, ಭೀಮೇಶ್ವರಿ, ದೊಡ್ಡಮಾಕಳಿ, ಈ ಮೂರೂ ಕಡೆ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಜಂಗಲ್ ಲಾಡ್ಜಸ್‌ನೋರ ಕ್ಯಾಂಪ್ ಇದ್ವು, ಬೆಂಗಳೂರಲ್ಲಿ 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಅನ್ನೋ ಗಾಳದೋರ ಸಂಘದವರು ಹೊಳೆಯ ಒಂದಷ್ಟು ಭಾಗನ ಲೀಸ್‌ಗೆ ತಗೊಂಡು ಕಾವಲು ಕಾಯ್ತಿದ್ರು, ಕೊಡಗಲ್ಲಿ ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಇದೇ ಕೆಲಸ ಮಾಡ್ತಿತ್ತು. ಎಲ್ಲರಿಗೂ ಬೇಕಾಗಿದ್ದು ಒಂದೇ, ಮಹಶೀರ್ ಅನ್ನೋ ದೈತ್ಯ ಹೊಳೆ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಮೀನು ಎತ್ತಿದ್ರು, ಅಂದ್ರೆ ಹತ್ರತ್ರ 54 ಕೆಜಿ, ನಮ್ಮನೆ ಅಕ್ಕಿ ಮೂಟೆಗಿಂತ ಭಾರ. ಆ ಆಸೆಗೆ ಇಂಗ್ಲೆಂಡಿಂದೆಲ್ಲ ಜನ ಬಂದು ಹರಿಗೋಲಲ್ಲಿ ಕೂತು, ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ ದಿನಗಟ್ಲೆ ಕಾಯ್ತಿದ್ರು. ಜೊತೆಗೆ ಗೈಡ್‌ಗಳಾಗಿ ಇರ್ತಿದ್ದ ಅಕ್ಕಪಕ್ಕದ ಹಳ್ಳಿಯವರಲ್ಲಿ ಕೆಲವರು ಮುಂಚೆ ಬಲೆ ಹಾಕ್ತಿದ್ದೋರು, ಸಿಡಿಮದ್ದು ಎಸೀತಿದ್ದೋರು. ಬಂಡೆ ಕೆಳಗೆ ಯಾವ ಮಡುವಲ್ಲಿ ಮೀನಿರುತ್ತೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?

ಹಿಡಿದ ಮೀನನ್ನ ತೂಗಿ ವಾಪಸ್ ನೀರಿಗೆ ಬಿಡಬೇಕು, ಅದು ನಿಯಮ. ಬಿಟ್ಟ ಮೇಲೆ ಕ್ಯಾಂಪಿನ ಪುಸ್ತಕದಲ್ಲಿ ಬರೀಬೇಕು, ಎಷ್ಟು ಹೊತ್ತು ಗಾಳ ಹಾಕಿದ್ರಿ, ಯಾವ ಮೀನು, ಎಷ್ಟು ತೂಕ. ಬರೀತಿದ್ದೋರಿಗೆ ಇದು ವಿಜ್ಞಾನ ಅಂತ ಗೊತ್ತೂ ಇರ್ಲಿಲ್ಲ ಅನ್ಸುತ್ತೆ, ಜಂಬ ಕೊಚ್ಕೊಳ್ಳೋಕೆ ಒಂದು ದಾಖಲೆ ಬೇಕಲ್ಲ ಅಂತ ಬರೆದಿರ್ತಾರೆ.

ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಅನ್ನೋ ಮೂವರು ವಿಜ್ಞಾನಿಗಳು ಗಾಲಿಬೋರೆಯ 1998ರಿಂದ 2012ರವರೆಗಿನ ಲೆಕ್ಕ ಕೂತು ಬಿಡಿಸಿದ್ರು, 2015ರಲ್ಲಿ ಪ್ರಕಟ ಮಾಡಿದ್ರು. ಒಟ್ಟು 23,620 ಗಂಟೆ ಗಾಳ, 6,161 ಮಹಶೀರ್. ಭಾಗಿಸಿ ನೋಡಿ, ಒಂದು ಮೀನಿಗೆ ಹತ್ತಿರ ನಾಲ್ಕು ಗಂಟೆ ಕಾಯಬೇಕು. ನಮ್ಮ ಕಸುಬಲ್ಲಿ ಇದೇ ಮುಖ್ಯ, ಎಷ್ಟು ಮೀನು ಸಿಕ್ತು ಅನ್ನೋದಲ್ಲ, ಎಷ್ಟು ಹೊತ್ತಿಗೆ ಎಷ್ಟು ಸಿಕ್ತು ಅನ್ನೋದು. ಹತ್ತು ಜನ ಹೋಗಿ ಹತ್ತು ಮೀನು ತಂದ್ರೂ ಒಬ್ಬ ಹೋಗಿ ಹತ್ತು ತಂದ್ರೂ ಬುಟ್ಟಿ ಒಂದೇ, ಆದ್ರೆ ಹೊಳೆ ಒಂದೇ ಅಲ್ಲ. ವರ್ಷ ವರ್ಷ ಈ ಲೆಕ್ಕ ಏರ್ತಾ ಬಂದಿತ್ತು, ಜೊತೆಗೆ ಸರಾಸರಿ ತೂಕ ಇಳೀತಾ ಬಂದಿತ್ತು. ತೂಕ ಇಳಿದ್ರೆ ಕೆಟ್ಟದ್ದು ಅಂದ್ಕೋಬೇಡಿ, ಚಿಕ್ಕ ಮೀನು ಜಾಸ್ತಿ ಸಿಗ್ತಿದೆ ಅಂದ್ರೆ ಮರಿಗಳು ಬದುಕಿ ದೊಡ್ಡವಾಗ್ತಿವೆ ಅಂತ. ಬಲೆ, ಮದ್ದು ನಿಲ್ಸಿ ಕಾವಲು ಹಾಕಿದ್ದಕ್ಕೆ ಫಲ ಸಿಕ್ಕಿದೆ. ಗಾಳದೋರು ಎದೆ ಉಬ್ಬಿಸ್ಕೊಂಡು ನೋಡಿ ನೋಡಿ ಅಂತ ತೋರಿಸೋ ಹಾಗಿತ್ತು.

ಇಲ್ಲಿಗೇ ಕಥೆ ಮುಗಿದಿದ್ರೆ ನಾನೂ ಅವರ ಜೊತೆ ಅರ್ಜಿಗೆ ಸಹಿ ಹಾಕ್ತಿದ್ದೆ. ಆದ್ರೆ ಪುಸ್ತಕದಲ್ಲಿ ಮಹಶೀರ್ ಅಂತ ಇದ್ದಿದ್ದು ಒಂದಲ್ಲ, ಎರಡು. ಒಂದು ಬೆನ್ನು ಗೂನಾಗಿರೋ, ಕೇಸರಿ ರೆಕ್ಕೆಯ ಮೀನು, ಕಾವೇರಿ ಕೊಳ್ಳ ಬಿಟ್ರೆ ಬೇರೆಲ್ಲೂ ಹುಟ್ಟದೇ ಇದ್ದದ್ದು, ದಾಖಲೆಯ ದೈತ್ಯರೆಲ್ಲ ಇದೇ ಜಾತಿ. ಇನ್ನೊಂದು ನೀಲಿ ರೆಕ್ಕೆಯದ್ದು. ಎರಡನ್ನೂ ಬೇರೆ ಮಾಡಿ ಎಣಿಸಿದ್ರೆ ಏರಿದ್ದೆಲ್ಲ ನೀಲಿ ರೆಕ್ಕೆಯ ಲೆಕ್ಕ. ಗೂನು ಬೆನ್ನಿಂದು ಬೀಳ್ತಾ ಬೀಳ್ತಾ ಹೋಗಿದೆ, ಅದಕ್ಕಿಂತ ಗಾಬರಿ ಅಂದ್ರೆ ಬರಬರ್ತಾ ಸಿಕ್ಕಿದ್ದೆಲ್ಲ ದೊಡ್ಡ ದೊಡ್ಡವೇ, ಮರಿಗಳೇ ಇಲ್ಲ, ಹಳ್ಳೀಲಿ ಬರೀ ಅಜ್ಜ ಅಜ್ಜಿ ಉಳ್ಕೊಂಡು ಮಕ್ಕಳ ಸದ್ದೇ ಇಲ್ಲದ ಮನೆ ಥರ.

ನೀಲಿ ರೆಕ್ಕೆಯದ್ದು ಎಲ್ಲಿಂದ ಬಂತು? ಲೋನಾವಳದ ಟಾಟಾ ಹ್ಯಾಚರಿಯಿಂದ. ಅದು ಕೃಷ್ಣಾ ಕೊಳ್ಳದ ಕಡೆ ಮೀನು, ಮೊಟ್ಟೆ ತೆಗೆದು ಮರಿ ಮಾಡೋದು ಕಲಿತ ಮೇಲೆ 1970ರ ದಶಕದಿಂದ ದೇಶದ ಎಷ್ಟೋ ಹೊಳೆಗಳಿಗೆ ಮರಿ ಕಳಿಸಿದ್ರು, ಕಾವೇರಿಗೂ ಬಂತು. ತಂದು ಬಿಟ್ಟೋರು ಯಾರು ಅಂದ್ರೆ ಇಲಾಖೆ ಮತ್ತೆ ಇದೇ ಗಾಳದ ಸಂಘಗಳು. ಒಳ್ಳೇ ಮನಸ್ಸಿಂದಲೇ ಬಿಟ್ಟಿದ್ದು, ಮಹಶೀರ್ ಕಮ್ಮಿಯಾಗ್ತಿದೆ, ಮಹಶೀರ್ ತಂದು ಬಿಡೋಣ ಅಂತ. ಅಕ್ಕಿ ಖಾಲಿಯಾಗಿದ್ದಕ್ಕೆ ಪಕ್ಕದ ಡಬ್ಬಿಯಿಂದ ಗೋಧಿ ತಂದು ಸುರಿದ ಹಾಗೆ. ಕಾವೇರಿಯ ಕಷ್ಟಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಮೇಲೆ ಶಿವನಸಮುದ್ರದಲ್ಲಿ 1902ರಿಂದ ಕರೆಂಟು, ಕೆಳಗೆ 1934ರಿಂದ ಮೆಟ್ಟೂರು ಕಟ್ಟೆ, ಮಧ್ಯೆ ಮರಳು, ಮದ್ದು, ಒಂದಾ ಎರಡಾ. ಆದ್ರೂ ತಾವೇ ಬರೆದಿಟ್ಟ ಪುಸ್ತಕ ತಮ್ಮ ಬಗ್ಗೇನೇ ಸಾಕ್ಷಿ ಹೇಳ್ತು ಅನ್ನೋದನ್ನ ಗಾಳದೋರು ಮರೀಬಾರ್ದು.

ಇನ್ನೊಂದು ವಿಚಿತ್ರ ಕೇಳಿ. ನೂರು ವರ್ಷಕ್ಕೂ ಮೇಲೆ ಜಗತ್ತೆಲ್ಲ ಹುಡ್ಕೊಂಡು ಬಂದ ಈ ಗೂನು ಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಾತ್ರಿ ಆಗಿದ್ದು 2018ರಲ್ಲಿ! ಕಾವೇರಿ ಕೊಳ್ಳದ್ದೇ ಆದ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನ ಪರೀಕ್ಷೆ ಮಾಡಿ, ಕೇರಳದ ಪಾಂಬಾರ್‌ನಿಂದ (ಅದೂ ಕಾವೇರಿ ಕೊಳ್ಳದ್ದೇ) ಮುಂಚೆನೇ ವಿವರಿಸಿದ್ದ ಟೋರ್ ರೆಮಾದೇವಿಯೈ ಇದೇ ಅಂತ ತೋರಿಸಿದ್ರು. ಹೆಸರಿಲ್ಲದ ಮೀನು ಐಯುಸಿಎನ್ ಅನ್ನೋ ಜಾಗತಿಕ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಗೆ ಸೇರೋದು ಹೇಗೆ, ರೇಷನ್ ಕಾರ್ಡಲ್ಲಿ ಹೆಸರಿಲ್ಲದೋರಿಗೆ ಅಕ್ಕಿ ಸಿಗುತ್ತಾ? ಹೆಸರು ಸಿಕ್ಕಿದ್ದೇ ಸೇರಿತು, ಅದೂ ಅತೀವ ಅಪಾಯದಲ್ಲಿರೋ ಜೀವಿಗಳ ಸಾಲಿಗೆ.

ಈಗ ಕಾನೂನಿಗೆ ಬರೋಣ, ಫೋನ್ ಮಾಡಿದ ಆಸಾಮಿಗೆ ಸಿಟ್ಟಿದ್ದಿದ್ದು ಅಲ್ಲೇ. ಮೀನುಗಾರಿಕೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯ, ದೊಡ್ಡ ಕೆರೆ, ಜಲಾಶಯ ಹೆಚ್ಚಾಗಿ ಮೀನುಗಾರಿಕೆ ಇಲಾಖೆ ಕೈಲಿ. ಆದ್ರೆ ಅದೇ ನೀರು ಅಭಯಾರಣ್ಯದ ಗಡಿ ಒಳಗೆ ಹರಿದ್ರೆ ಅರಣ್ಯ ಇಲಾಖೆಗೆ ಸೇರುತ್ತೆ, ಕಾವೇರಿ ವನ್ಯಧಾಮ ಆಗಿದ್ದು 1987ರಲ್ಲಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪ್ರಾಣಿ ಅಂದ್ರೆ ಮೀನೂ ಸೇರುತ್ತೆ, ಬೇಟೆ ಅಂದ್ರೆ ಕೊಲ್ಲೋದೊಂದೇ ಅಲ್ಲ, ಹಿಡಿಯೋದೂ, ಆಸೆ ತೋರಿಸಿ ಎಳೆಯೋದೂ ಬೇಟೆನೇ. ರಾಗಿ ಉಂಡೆ ತೋರಿಸಿ ಹಿಡಿದಾದ ಮೇಲೆ ನೀವು ಮುತ್ತು ಕೊಟ್ಟು ಬಿಟ್ರೂ ಕಾಯ್ದೆಗೆ ಅದು ಕಾಣಲ್ಲ. 2012ರ ಹೊತ್ತಿಗೆ ಈ ಅರ್ಥ ಹಿಡ್ಕೊಂಡು ಸಂರಕ್ಷಿತ ಪ್ರದೇಶದೊಳಗೆ ಗಾಳ ನಿಲ್ಲಿಸಿದ್ರು. ಕ್ಯಾಂಪ್ ಉಳೀತು, ರಾಡ್ ಹೋಯ್ತು, ಪುಸ್ತಕ ಮುಚ್ಚಿತು.

ಗಾಳ ನಿಂತ ಮೇಲೆ ಕಾವಲು ಕಮ್ಮಿಯಾಗಿ ಕಳ್ಳಬೇಟೆ ಜಾಸ್ತಿ ಆಯ್ತು ಅಂತ ಗಾಳದೋರು ಹೇಳ್ತಾರೆ. ನಂಬೋ ಹಾಗಿದೆ, ದಿನಾ ಹೊಳೆ ಮೇಲೆ ಹರಿಗೋಲು ಓಡಾಡ್ತಿದ್ರೆ ಮದ್ದು ಎಸೆಯೋಕೆ ಯಾರಿಗೂ ಧೈರ್ಯ ಬರಲ್ಲ. (ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು 1897ರ ಕಾಯ್ದೆಯಿಂದಲೇ ನಿಷೇಧ, ಇನ್ನೂ ನಡೀತಾನೇ ಇದೆ.) ಆದ್ರೆ ನಂಬೋ ಹಾಗಿರೋದು ಬೇರೆ, ಲೆಕ್ಕ ತೋರಿಸೋದು ಬೇರೆ, ಮತ್ತೆ ಲೆಕ್ಕ ಬರೆಯೋ ಪುಸ್ತಕ ಅದೇ ದಿನ ನಿಂತೋಗಿದೆ. ನನ್ನ ಪ್ರಕಾರ ಅವತ್ತು ಆದ ದೊಡ್ಡ ತಪ್ಪು ಗಾಳ ನಿಲ್ಲಿಸಿದ್ದಲ್ಲ, ಅದ್ರ ಬದಲಿಗೆ ಬೇರೆ ಎಣಿಕೆ ಶುರು ಮಾಡದೇ ಇದ್ದದ್ದು.

ಹೊರಗಿನ ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ಅಲ್ಲಿ ಹವ್ಯಾಸಿಗಳು ಜಗಳ ಆಡಿ ಒಂದಿಷ್ಟು ಗೆದ್ದಿದಾರೆ. ಯುರೋಪಿನಲ್ಲಿ ಸೀ ಬಾಸ್ ಅನ್ನೋ ಸಮುದ್ರ ಮೀನು ಕಮ್ಮಿಯಾದಾಗ 2015ರಲ್ಲಿ ಗಾಳದವನಿಗೆ ದಿನಕ್ಕೆ ಮೂರೇ ಮೀನು ಅಂದ್ರು, ಕನಿಷ್ಠ ಉದ್ದ 36ರಿಂದ 42 ಸೆಂಟಿಮೀಟರ್‌ಗೆ ಏರಿಸಿದ್ರು. 2016ರಲ್ಲಿ ಮೊದಲ ಆರು ತಿಂಗಳು ಹಿಡಿದು ಬಿಡಬೇಕು, ಆಮೇಲೆ ದಿನಕ್ಕೊಂದು. 2018 ಶುರುವಾದಾಗ ವರ್ಷಪೂರ್ತಿ ಒಂದೂ ಇಲ್ಲ ಅಂದ್ರು, ಮೀನು ಮಾರೋ ಕಸುಬಿನ ದೋಣಿಯೋರಿಗೆ ಮಾತ್ರ ಟನ್ನುಗಟ್ಲೆ ಇತ್ತು. ಗಾಳದೋರು ಕೂಗಾಡಿದ್ರು, ಆದ್ರೆ ಕೂಗಾಟದ ಜೊತೆ ಒಂದು ಕೆಲಸದ ಪ್ರಶ್ನೆನೂ ಎದ್ದಿತ್ತು, ನಾವು ಬಿಟ್ಟ ಮೀನಲ್ಲಿ ಎಷ್ಟು ಸಾಯುತ್ತೆ ಅಂತ ಲೆಕ್ಕ ಹಾಕಿದೀರಾ? ವಿಜ್ಞಾನಿಗಳ ಮಂಡಳಿ ಐಸಿಇಎಸ್, ಬಿಟ್ಟ ನೂರರಲ್ಲಿ ಐದು ಸಾಯುತ್ತೆ ಅನ್ನೋ ಅಧ್ಯಯನದ ಅಂಕಿ ಇಟ್ಕೊಂಡು ಮತ್ತೆ ಲೆಕ್ಕ ಮಾಡ್ತು. ಅದೇ ವರ್ಷ ಅಕ್ಟೋಬರ್‌ಗೆ ದಿನಕ್ಕೊಂದು ವಾಪಸ್ ಬಂತು, 2020ಕ್ಕೆ ಎರಡಾಯ್ತು. ಮೆರವಣಿಗೆಯಿಂದ ಬಂದಿದ್ದಕ್ಕಿಂತ ಆ ಒಂದು ಅಂಕಿಯಿಂದ ಬಂದಿದ್ದು ಜಾಸ್ತಿ ಅಂತ ನನ್ನ ಲೆಕ್ಕ.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಇದನ್ನ ನಗರದ ಗಾಳದೋರು ಹೇಳಲ್ಲ. ಜಲಾಶಯ, ಕೆರೆ ಹೆಚ್ಚಾಗಿ ಲೀಸ್ ಹೋಗೋದು ಮೀನುಗಾರರ ಸಹಕಾರ ಸಂಘಗಳಿಗೆ, ಅವರಿಗೆ ಅದು ಹೊಟ್ಟೆಪಾಡು. ಒಮ್ಮೆ ಹಿನ್ನೀರಿನ ಹತ್ರ ಸಂಘದ ಹಿರಿಯರೊಬ್ಬರ ಜೊತೆ ಕೂತಿದ್ದೆ, ಗಾಳದೋರ ವಿಷಯ ತೆಗೆದೆ. ಬಲೆ ತೇಪೆ ಹಾಕ್ತಾ ತಲೆ ಎತ್ತದೇ ಹೇಳಿದ್ರು, "ಅವ್ರು ಮೀನ್ ಬುಡ್ತಾರೆ ಅಂತ ದೊಡ್ಡೋರಾ ಸಾಮಿ? ಮನೇಲಿ ಉಂಡ್ಕಂಡ್ ಬಂದೋರು ಬುಡ್ತಾರೆ, ನಾನೂ ಉಂಡ್ಕಂಡ್ ಬಂದಿದ್ರೆ ಬುಡ್ತಿದ್ದೆ." ಉತ್ತರ ಹೊಳೀಲಿಲ್ಲ ನನಗೆ. ಹಾಗಾಗಿ ಗಾಳದೋರು ನಮ್ಮನ್ನ ಕಮಿಟಿಗೆ ಸೇರಿಸಿ ಅಂದಾಗ ನಾನು ಕೇಳೋ ಮೊದಲ ಪ್ರಶ್ನೆ, ಪಕ್ಕದಲ್ಲಿ ಅವರೂ ಕೂತಿರ್ತಾರಾ ಅಂತ. ಅವರಿಲ್ಲದ ಕಮಿಟೀಲಿ ಮಾಡಿದ ರೂಲ್ಸ್ ರಾತ್ರಿ ಹತ್ತು ಗಂಟೆಗೆ ಮುರಿದು ಬೀಳುತ್ತೆ.

ಯಾವ ವಿಷಯದಲ್ಲಿ ಗಾಳದೋರ ಮಾತಿಗೆ ತೂಕ ಇದೆ ಅಂತ ಹೇಳಿಬಿಡ್ತೀನಿ. ಯಾವ ಅಳತೆಯ ಮೀನು ಬಿಡಬೇಕು ಅನ್ನೋದು ಒಂದು. ನಮ್ಮ ಜನಕ್ಕೆ ಚಿಕ್ಕದು ಬಿಡಿ ಅಂದ್ರೆ ಅರ್ಥ ಆಗುತ್ತೆ, ದೊಡ್ಡದೂ ಬಿಡಿ ಅಂದ್ರೆ ಹುಚ್ಚು ಅಂತಾರೆ, ಆದ್ರೆ ಮೊಟ್ಟೆ ಜಾಸ್ತಿ ಇಡೋದು ದೊಡ್ಡ ಹೆಣ್ಣು ಮೀನೇ, ಅದಕ್ಕೇ ನಡು ಅಳತೆಯದ್ದು ಮಾತ್ರ ತಗೊಂಡು ಎರಡೂ ತುದಿ ಬಿಡೋ ಪದ್ಧತಿ ಇದೆ, ಯಾವ ಅಳತೆ ಎಷ್ಟು ಸಿಗುತ್ತೆ ಅಂತ ಗಾಳದವನ ಪುಸ್ತಕ ನೋಡಿದ್ರೇ ಗೊತ್ತಾಗೋದು. ಮಳೆಗಾಲದಲ್ಲಿ ಹೊಸ ನೀರಿಗೆ ಮೀನು ಹತ್ತೋ ಹೊತ್ತು ಯಾವುದು ಅನ್ನೋದು ಇನ್ನೊಂದು. ಮುಳ್ಳಿಲ್ಲದ ಗಾಳ, ಬೇಗ ದಡಕ್ಕೆ ತರೋದು, ನೀರಿಂದ ಎತ್ತದೇ ಕೊಕ್ಕೆ ಬಿಡಿಸೋದು, ಇವನ್ನೆಲ್ಲ ಅವರೇ ಹೇಳಿಕೊಡಬೇಕು, ಎಳೆದಾಟ ಉದ್ದ ಆದಷ್ಟೂ ಮೀನಿಗೆ ಸುಸ್ತು ಜಾಸ್ತಿ, ಫೋಟೋಗೆ ಅಂತ ಎರಡು ನಿಮಿಷ ಗಾಳೀಲಿ ಹಿಡ್ಕೊಂಡು ನಿಂತು ಆಮೇಲೆ ಬಿಟ್ಟೆ ಅನ್ನೋದನ್ನ ನಾನು ಬಿಡೋದು ಅಂತ ಕರೆಯಲ್ಲ. ಇನ್ನು ವನ್ಯಧಾಮದೊಳಗೆ ಗಾಳ ಬೇಕೋ ಬೇಡ್ವೋ ಅನ್ನೋ ತೀರ್ಮಾನ ಅವರಿಗೆ ಬಿಡೋ ಹಾಗಿಲ್ಲ, ಅಲ್ಲಿ ಅವರು ವಾದ ಹೇಳಬಹುದು ಅಷ್ಟೇ.

ಇಷ್ಟೆಲ್ಲ ಹೇಳಿ ಆ ಆಸಾಮಿಗೆ ನಿಮ್ಮ ಲೆಕ್ಕ ಕಳಿಸಿ ನೋಡೋಣ ಅಂದೆ. ಮೂರು ವರ್ಷದ ಫೋಟೋ ಕಳಿಸಿದ್ರು, ಎಲ್ಲದ್ರಲ್ಲೂ ನಗ್ತಾ ಇದಾರೆ. ಏನೂ ಸಿಗದ ದಿನ ಎಷ್ಟು ಅಂದ್ರೆ, "ಅದನ್ನ ಯಾರು ಬರೀತಾರೆ ಸರ್?" ಸಿಗದ ದಿನ ಬರೆಯದಿದ್ರೆ ಖಾಲಿ ಹೊಳೆನೂ ತುಂಬಿದ ಹೊಳೆ ಥರ ಕಾಣುತ್ತೆ ಅಂತ ಹೇಳಿ, ಹೋದ ಹೊತ್ತು, ಬಂದ ಹೊತ್ತು, ಜಾಗ, ಎರೆ ಏನು, ಯಾವ ಜಾತಿ, ಉದ್ದ, ಬದುಕಿ ಹೋಯ್ತಾ, ಸೊನ್ನೆ ಇದ್ರೆ ಸೊನ್ನೆ, ಇಷ್ಟು ಕಾಲಂ ಹಾಕಿ ಒಂದು ಶೀಟ್ ಕಳಿಸಿದೆ.

ಮೊನ್ನೆ ಮೆಸೇಜ್ ಬಂತು. ಶೀಟ್ ತುಂಬಿಸ್ತಿದೀನಿ ಸರ್, ಒಂದು ಡೌಟ್, ನೀಲಿ ರೆಕ್ಕೆಯದ್ದು ಹೊರಗಿಂದ ತಂದು ಬಿಟ್ಟಿದ್ದು ಅಂದ್ರಲ್ಲ, ಪರ್ಮಿಶನ್ ಇರೋ ಜಾಗದಲ್ಲಿ ಅದು ಸಿಕ್ರೆ ವಾಪಸ್ ಬಿಡಬೇಕಾ, ಬೇಡ್ವಾ? ಕಾವೇರಿ ಮಟ್ಟಿಗೆ ನನ್ನನ್ನ ಕೇಳಿದ್ರೆ ಬಿಡಬೇಡಿ, ಮನೆಗೆ ತಗೊಂಡು ಹೋಗಿ ಸಾರು ಮಾಡಿ ಅಂತ ಬರೆದೆ, ಆದ್ರೆ ಅಲ್ಲಿನ ರೂಲ್ಸ್ ಬಿಡು ಅಂದ್ರೆ ಬಿಡಲೇಬೇಕು, ಆ ರೂಲ್ಸ್ ಬದಲಾಯಿಸೋಕೇ ನಿಮ್ಮ ಶೀಟು ಅಂತಾನೂ ಸೇರಿಸಿದೆ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.