ನೀರಿನ ಸಿನಿಮಾದಲ್ಲಿ ಖಳನಾಯಕ ಯಾರು?

ನಾನು ಬೆಳಗಾವಿಯಲ್ಲಿ ಕುಡಿಯುವ ನೀರಿನ ಪೂರೈಕೆ ನೋಡಿಕೊಳ್ಳುವ ಎಂಜಿನಿಯರ್. ನಾಳಿನ ಜಗತ್ತು ಹಾಳಾದದ್ದನ್ನು ತೋರಿಸುವ ಸಿನಿಮಾ ನೋಡುವಾಗ ನನ್ನ ಕಣ್ಣು ಹೀರೋ ಮೇಲೆ ಇರುವುದಿಲ್ಲ. ಪೈಪು ಎಲ್ಲಿಂದ ಬಂತು, ವಾಲ್ವ್ ಯಾರ ಕೈಲಿದೆ ಅಂತ ಹುಡುಕುತ್ತಿರುತ್ತೇನೆ.

2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ತಗೊಳ್ಳಿ. ಬಂಡೆಯ ಮೇಲೆ ಸರ್ವಾಧಿಕಾರಿ, ಕೆಳಗೆ ಪಾತ್ರೆ ಹಿಡಿದ ಜನ. ಅವನು ಮೇಲಿಂದ ಧೋ ಅಂತ ನೀರು ಬಿಡುತ್ತಾನೆ, ತಟ್ಟನೆ ನಿಲ್ಲಿಸುತ್ತಾನೆ, ನೀರಿನ ಚಟ ಹಚ್ಚಿಕೊಳ್ಳಬೇಡಿ ಅಂತ ಬುದ್ಧಿ ಬೇರೆ ಹೇಳುತ್ತಾನೆ! ನಮ್ಮ ಲೆಕ್ಕದಲ್ಲಿ ಅದು ಶುದ್ಧ ಪೋಲು. ನಾಲ್ಕು ನಳ ಹಾಕಿಸಿದ್ದರೆ ಎಲ್ಲರ ಕೊಡ ತುಂಬುತ್ತಿತ್ತು. ಆದರೆ ನಳ ಇದ್ದರೆ ಯಾರೂ ತಲೆ ಎತ್ತಿ ಅವನನ್ನು ನೋಡುವುದಿಲ್ಲ, ಅಲ್ವಾ? ಓಣಿಗೆ ಬರುವ ಟ್ಯಾಂಕರ್ ಮೇಲೆ ಮುಖಂಡರ ಫೋಟೊ ಅಂಟಿಸುವುದೂ ಇದೇ ಕಾರಣಕ್ಕೆ.

ಆದರೆ ಇಂಥ ಸಿನಿಮಾ ಎಲ್ಲ ತಪ್ಪನ್ನೂ ಒಬ್ಬನ ತಲೆಗೆ ಕಟ್ಟಿಬಿಡುತ್ತದೆ. ನಮ್ಮ ಕಡೆ ಹಾಗಿಲ್ಲ. 2008ರಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಆಯ್ದ ಕೆಲವು ವಾರ್ಡುಗಳಲ್ಲಿ ಪ್ರಯೋಗಕ್ಕೆಂದು 24 ತಾಸೂ ನೀರು ಬಿಟ್ಟರು. ಉಳಿದ ವಾರ್ಡಿನವರು ಕೆಲವು ದಿನಕ್ಕೊಮ್ಮೆ ಬರುವ ನೀರಿಗೆ ಕಾಯುತ್ತಲೇ ಇದ್ದರು. ಬೆಳಗಾವಿಯಲ್ಲಂತೂ ಇಬ್ಬರಿಗೂ ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರೇ. ಅಲ್ಲಿ ಕೆಟ್ಟವನು ಯಾರೂ ಇರಲಿಲ್ಲ. ಒಂದು ಕಡೆ ಹೊಸ ಪೈಪು, ಇನ್ನೊಂದು ಕಡೆ ಹಳೆಯದು, ಅಷ್ಟೇ.

ಇನ್ನು ಹಳೆಯ ಲೈನಿನಲ್ಲಿ ಏನಾಗುತ್ತದೆ ನೋಡಿ. ಒತ್ತಡ ಕಡಿಮೆ ಅಂತ ಒಬ್ಬರು ನಳಕ್ಕೇ ಮೋಟರ್ ಹಚ್ಚುತ್ತಾರೆ, ಪಕ್ಕದವರಿಗೆ ನೀರು ಏರುವುದಿಲ್ಲ, ಅವರೂ ಹಚ್ಚುತ್ತಾರೆ, ಕೊನೆಗೆ ಲೈನಿನ ತುದಿಯ ಮನೆಯವರು ಬರಿ ಗಾಳಿಯ ಸದ್ದು ಕೇಳುತ್ತಾ ಕೂರಬೇಕು. ಮೋಟರ್ ಎಳೆಯುವ ರಭಸಕ್ಕೆ ಸೋರುವ ಜಾಯಿಂಟಿನಿಂದ ಗಟಾರದ ನೀರೂ ಒಳಗೆ ಬರುತ್ತದೆ. ಇಲ್ಲಿ ಸರ್ವಾಧಿಕಾರಿ ಅಂದರೆ ಅರ್ಧ ಎಚ್‌ಪಿ ಮೋಟರ್. ಕೇಳಿದರೆ, 'ಎಲ್ಲರೂ ಹಚ್ಯಾರಲ್ರೀ ಸರ' ಅನ್ನುತ್ತಾರೆ.

ಇದನ್ನು ಹಿಡಿದ ಸಿನಿಮಾ ಅಂದರೆ ನನಗೆ ಫ್ರಿಟ್ಜ್ ಲಾಂಗ್ ಅವರ 'ಮೆಟ್ರೊಪೊಲಿಸ್', ಅದೂ 1927ರದು, ಮೂಕಿ. ಶ್ರೀಮಂತರು ಎತ್ತರದ ಕಟ್ಟಡಗಳಲ್ಲಿ, ಕಾರ್ಮಿಕರು ನೆಲದ ಕೆಳಗೆ. ಯಾರದೋ ಮಾತಿಗೆ ರೊಚ್ಚಿಗೆದ್ದು ಕಾರ್ಮಿಕರೇ ಯಂತ್ರ ಒಡೆಯುತ್ತಾರೆ, ನೀರು ನುಗ್ಗುವುದು ಅವರದೇ ಮಕ್ಕಳಿರುವ ಓಣಿಗೆ. ಕೊನೆಗೆ ಮಾಲೀಕನೂ ಕಾರ್ಮಿಕರ ಮುಖಂಡನೂ ಕೈ ಕುಲುಕುತ್ತಾರೆ. ಅದು ಮಾತ್ರ ನನಗೆ ಹಿಡಿಸಲಿಲ್ಲ. ಆಮೇಲೆ ಆ ಮನೆಗಳನ್ನು ಎಲ್ಲಿ ಕಟ್ಟಿದರು, ಮತ್ತೆ ಅದೇ ತಗ್ಗಿನಲ್ಲಾ? ಸಿನಿಮಾ ಅದನ್ನು ಹೇಳುವುದೇ ಇಲ್ಲ.